ಹಿಂದಿನ ಸಾಲಿನ ಶ್ರುತಿ

ಸಂಗೀತ ಕಛೇರಿಯಲ್ಲಿ ನಮ್ಮ ಕಣ್ಣು ಮೊದಲು ಗಾಯಕರ ಮುಖದ ಮೇಲೆ ನಿಲ್ಲುತ್ತದೆ. ಆಮೇಲೆ ತಬಲಾ, ಆಮೇಲೆ ಹಾರ್ಮೋನಿಯಂ. ಗಾಯಕರ ಹೆಗಲ ಹಿಂದೆ ಎದ್ದು ಕಾಣುವ ತಂಬೂರಿಯ ಕಡೆಗೆ ದೃಷ್ಟಿ ಹೊರಳುವುದು ಅಪರೂಪ. ಹೊರಳಿದರೂ ಅದು ವಾದ್ಯದ ಚೆಲುವಿಗಾಗಿ. ಮೀಟುತ್ತಿರುವ ಬೆರಳು ಯಾರದು ಎಂದು ನಾವು ಕೇಳುವುದಿಲ್ಲ. ರಾಗ ಬದಲಾಗುತ್ತದೆ, ಲಯ ಬದಲಾಗುತ್ತದೆ, ಸಭೆ ತಲೆದೂಗುತ್ತದೆ, ಚಪ್ಪಾಳೆ ತಟ್ಟುತ್ತದೆ. ಆ ಬೆರಳು ಮಾತ್ರ ಅದೇ ನಾಲ್ಕು ತಂತಿಗಳ ಮೇಲೆ ಅದೇ ಗತಿಯಲ್ಲಿ ಸಾಗುತ್ತಿರುತ್ತದೆ. ಅದು ನಿಂತರೆ ಮಾತ್ರ ನಮಗೆ ತಿಳಿಯುತ್ತದೆ. ನಡೆಯುತ್ತಿರುವಷ್ಟು ಹೊತ್ತು ತಿಳಿಯುವುದಿಲ್ಲ.

ತಂಬೂರಿಯನ್ನು ಹತ್ತಿರದಿಂದ ನೋಡಿದವರು ಬಲ್ಲರು, ಬಿರಡೆ ತಿರುವಿದ ಮಾತ್ರಕ್ಕೆ ಶ್ರುತಿ ಕೂಡುವುದಿಲ್ಲ. ಪಂಚಮ, ನಡುವಿನ ಎರಡು ಷಡ್ಜ, ಕೊನೆಯ ಮಂದ್ರ ಷಡ್ಜ, ನಾಲ್ಕೂ ಸೇರಿದ ಮೇಲೂ ನಾದ ಮಂಕಾಗಿಯೇ ಇರಬಹುದು. ಆಗ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ ಇಟ್ಟ ನೂಲಿನ ಎಳೆಯನ್ನು ಕೂದಲಿನಷ್ಟು ಹಿಂದಕ್ಕೋ ಮುಂದಕ್ಕೋ ಸರಿಸುತ್ತಾರೆ. ಎಲ್ಲೋ ಒಂದು ಬಿಂದುವಿನಲ್ಲಿ ನಾದ ಥಟ್ಟನೆ ಅರಳುತ್ತದೆ. ಮೀಟದ ಸ್ವರಗಳೂ ಅದರೊಳಗಿಂದ ಕೇಳತೊಡಗುತ್ತವೆ. ಗಾಯಕರು ಕಣ್ಣು ಮುಚ್ಚಿ ಮೊದಲ ಷಡ್ಜ ಹಚ್ಚುವುದು ಆ ಬಳಿಕವೇ. ಆ ನೂಲು ಸಭೆಯಲ್ಲಿ ಯಾರಿಗೂ ಕಾಣುವುದಿಲ್ಲ.

ಹಾವೇರಿ ಜಿಲ್ಲೆಯ ಹಾನಗಲ್ಲನ್ನು ನೆನೆದಾಗಲೆಲ್ಲ ಈ ಹಿಂದಿನ ಸಾಲು ನೆನಪಾಗುತ್ತದೆ. ಹಾವೇರಿಯಿಂದ ಪಶ್ಚಿಮಕ್ಕೆ ಬಸ್ಸು ಹಿಡಿದರೆ ಹತ್ತಿಯ, ಗೋವಿನಜೋಳದ ಹೊಲಗಳು ಹಿಂದೆ ಸರಿದು ಭತ್ತದ ಗದ್ದೆ, ಅಡಕೆಯ ತೋಟ, ಮಾವಿನ ಸಾಲು ಎದುರಾಗುತ್ತವೆ. ಬಯಲುಸೀಮೆ ಇಲ್ಲಿ ಮಲೆನಾಡಿನ ಸೆರಗನ್ನು ಮುಟ್ಟುತ್ತದೆ. ಊರು ದೊಡ್ಡದಲ್ಲ. ಕಚೇರಿ, ಸಂತೆ, ಕೆರೆ, ಮಠ, ಗುಡಿ. ನಮ್ಮ ಯಾವ ತಾಲ್ಲೂಕು ಕೇಂದ್ರದಲ್ಲಾದರೂ ಕಾಣುವ ದಿನಚರಿ ಇಲ್ಲಿಯದೂ. ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆಗೆ ಹೋಗುವ ರೈಲುದಾರಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಮುಟ್ಟಿ ಹೋಗುತ್ತದೆ. ಹಾನಗಲ್ಲು ಆ ದಾರಿಯಲ್ಲಿಲ್ಲ.

ಆದರೂ ಸಂಗೀತ ಬಲ್ಲವರ ಲೋಕದಲ್ಲಿ ಈ ಊರಿನ ಹೆಸರು ಕೇಳದವರಿಲ್ಲ. ಸೋಜಿಗವೆಂದರೆ ಆ ಹೆಸರನ್ನು ಲೋಕಕ್ಕೆ ಒಯ್ದವರು ಇಲ್ಲಿ ನೆಲೆಸಿದವರಲ್ಲ. ಗಂಗೂಬಾಯಿ ಹಾನಗಲ್ ಹುಟ್ಟಿದ್ದು 1913ರ ಮಾರ್ಚ್ 5ರಂದು, ಧಾರವಾಡದಲ್ಲಿ. ಬಾಳಿದ್ದು ಹುಬ್ಬಳ್ಳಿಯಲ್ಲಿ. ಊರಿನ ಹೆಸರು ಮನೆತನದ ಜೊತೆಗೆ ಬಂತು, ಅಷ್ಟೇ. ಇಂದು ಮೈಸೂರಿನಲ್ಲಿರುವ ರಾಜ್ಯದ ಸಂಗೀತ ವಿಶ್ವವಿದ್ಯಾಲಯದ ಹೆಸರಿನಲ್ಲಿಯೂ ಹಾನಗಲ್ಲು ಇದೆ. ಇತ್ತ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇದೇ ತಾಲ್ಲೂಕಿನ ಹಳ್ಳಿಗಳಲ್ಲಿ ಕಣ್ಣು ತೆರೆದವರು. ಅವರ ಹೆಸರಿಗೆ ಅಂಟಿಕೊಂಡದ್ದು ಗದಗ. ಒಂದು ಕಡೆ ಹೆಸರು ಊರು ಬಿಟ್ಟು ಹೋಯಿತು. ಇನ್ನೊಂದು ಕಡೆ ಮನುಷ್ಯರು ಹೋದರು, ಹೆಸರು ಜೊತೆಗೆ ಹೋಗಲಿಲ್ಲ. ಎರಡೂ ಸಲ ಊರು ಕೊಟ್ಟಿತು. ಎರಡೂ ಸಲ ಸಭೆ ಸೇರಿದ್ದು ಬೇರೆಡೆ.

ಈ ಊರಿಗೆ ಮರೆಯಲ್ಲಿರುವುದು ಹೊಸತೇನಲ್ಲ. ಶಾಸನಗಳಲ್ಲಿ ಇದು ಪಾನುಂಗಲ್ಲು, ಕಲ್ಯಾಣದ ಚಾಲುಕ್ಯರಿಗೆ ಮಾಂಡಲಿಕರಾಗಿದ್ದ ಕದಂಬ ಶಾಖೆಯೊಂದರ ರಾಜಧಾನಿ. ಜನರ ಬಾಯಲ್ಲಿ ಇದು ವಿರಾಟನಗರಿ, ಪಾಂಡವರು ಅಜ್ಞಾತವಾಸ ಕಳೆದ ಊರು. ನಾಡಿನಲ್ಲಿ ಹೀಗೆ ಹೇಳಿಕೊಳ್ಳುವ ಊರುಗಳು ಇನ್ನೂ ಕೆಲವಿವೆ. ಅದರ ತಗಾದೆ ನಮಗೆ ಬೇಡ. ಆದರೆ ಆ ಕಥೆಯೊಳಗಿನ ಒಂದು ಸಂಗತಿಯನ್ನು ಈ ನೆಲದ ಮೇಲೆ ನಿಂತು ನೆನೆಯಬೇಕು. ಗಾಂಡೀವವನ್ನು ಶಮೀವೃಕ್ಷದಲ್ಲಿ ಮುಚ್ಚಿಟ್ಟ ಅರ್ಜುನ ವಿರಾಟನ ಮನೆಯಲ್ಲಿ ಮಾಡಿದ ಕೆಲಸ ಯಾವುದು? ರಾಜಕುಮಾರಿ ಉತ್ತರೆಗೆ ಹಾಡು, ಕುಣಿತ ಕಲಿಸುವುದು. ಮೂರು ಲೋಕದ ಗಂಡ ಎನಿಸಿಕೊಂಡವನು ಒಂದು ವರ್ಷ ಹೆಸರಿಲ್ಲದ ಸಂಗೀತದ ಮೇಷ್ಟ್ರಾಗಿದ್ದ. ಯುದ್ಧಪರ್ವಗಳನ್ನು ಕೇಳಲು ತುದಿಗಾಲಲ್ಲಿ ನಿಲ್ಲುವ ನಾವು ಆ ವರ್ಷವನ್ನು ಬೇಗ ದಾಟಿಬಿಡುತ್ತೇವೆ.

ಚಾಲುಕ್ಯರ ಕಾಲದ ತಾರಕೇಶ್ವರ ಗುಡಿಯೊಳಗೆ ಹೋಗಿ ಕತ್ತೆತ್ತಿದರೆ, ಭುವನೇಶ್ವರಿಯಲ್ಲಿ ದಳದೊಳಗೆ ದಳವಾಗಿ ಕೆಳಕ್ಕೆ ಇಳಿದಿರುವ ಬೃಹತ್ತಾದ ಕಮಲ ಕಾಣುತ್ತದೆ. ಕಲ್ಲು ಅಷ್ಟು ಹಗುರಾಗಿ ತೂಗಬಹುದೆಂದು ನಂಬಲು ಒಂದು ಗಳಿಗೆ ಬೇಕು. ಕಟ್ಟಿಸಿದ ಅರಸರ ಕಾಲ ನಮಗೆ ಪಾಠದಲ್ಲಿದೆ. ಕೆತ್ತಿದ ಶಿಲ್ಪಿಯ ಹೆಸರು ನಮ್ಮ ನಾಲಿಗೆಯ ಮೇಲಿಲ್ಲ. ಗುಡಿಯ ಆವರಣದಲ್ಲಿ ವೀರಗಲ್ಲುಗಳಿವೆ. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳರ ಸೈನ್ಯ ಈ ಕೋಟೆಯ ಮೇಲೆ ಬಂದಿತ್ತು. ಮುತ್ತಿಗೆ ಹಾಕಿದ ಅರಸನಿಗೆ ಚರಿತ್ರೆಯಲ್ಲಿ ಅಧ್ಯಾಯವಿದೆ. ಊರ ಪರವಾಗಿ ನಿಂತು ಬಿದ್ದವನಿಗೆ ಒಂದು ಕಲ್ಲು. ಆ ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ದೇವಕನ್ನಿಕೆಯರು, ಮೇಲೆ ಶಿವನ ಸನ್ನಿಧಿ. ಹಿಂದೆ ಉಳಿದವನಿಗೂ ಮೇಲೊಂದು ಸ್ಥಾನವಿದೆ ಎಂದು ನಮ್ಮ ಹಿರಿಯರು ಕಲ್ಲಿನಲ್ಲಿ ಬರೆಸಿಟ್ಟರು.

ಇನ್ನು ಹತ್ತಿರದ ಕಾಲಕ್ಕೆ ಬರೋಣ. ರಾಣೆಬೆನ್ನೂರು ತಾಲ್ಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ 1867ರಲ್ಲಿ ಹುಟ್ಟಿದ ಹಾಲಯ್ಯ ಎಂಬ ಬಾಲಕ ಮುಂದೆ ಹಾನಗಲ್ಲಿನ ವಿರಕ್ತಮಠದ ಸ್ವಾಮಿಗಳಾದರು. ನಾಡು ಅವರನ್ನು ಹಾನಗಲ್ಲ ಕುಮಾರಸ್ವಾಮಿಗಳೆಂದು ಕರೆಯಿತು. 1909ರಲ್ಲಿ ಬಾದಾಮಿಯ ಬಳಿ, ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದವರು ಇವರೇ. ಮಠಾಧೀಶರ ಚರಿತ್ರೆ ಬರೆಯುವವರು ಸಂಸ್ಥೆ, ಸಭೆಗಳನ್ನು ವಿವರವಾಗಿ ಬರೆಯುತ್ತಾರೆ. ಅದು ಸರಿಯೇ. ಆದರೆ ಅವರ ಬದುಕಿನ ಒಂದು ಸಣ್ಣ ನಿರ್ಧಾರ ಆ ಎಲ್ಲ ಕಟ್ಟಡಗಳಿಗಿಂತ ದೂರ ಹೋಗಿದೆ ಎಂದು ನನಗೆ ಅನಿಸುತ್ತದೆ.

ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರು. ಇಬ್ಬರಿಗೂ ಕಣ್ಣಿರಲಿಲ್ಲ. ಇಬ್ಬರ ಕೊರಳೂ ಇಂಪಾಗಿತ್ತು. ಕಿರಿಯವನು ಗದಿಗೆಯ್ಯ, 1892ರಲ್ಲಿ ಹುಟ್ಟಿದವನು. ಆ ಕಾಲದ ಹಳ್ಳಿಯಲ್ಲಿ ಕಣ್ಣಿಲ್ಲದ ಮಗುವಿನ ಮುಂದಿದ್ದ ದಾರಿ ಯಾವುದೆಂದು ಹೇಳಬೇಕಾಗಿಲ್ಲ. ಯಾರೋ ಹಿಡಿದ ಕೋಲು, ಯಾರೋ ನೀಡಿದ ತುತ್ತು. ಕುಮಾರಸ್ವಾಮಿಗಳು ಆ ಮಕ್ಕಳ ಹಾಡು ಕೇಳಿದರು. ಮೆಚ್ಚಿ ಹರಸಿ ಮುಂದಿನೂರಿಗೆ ಹೋಗಬಹುದಿತ್ತು. ನಾವಾಗಿದ್ದರೆ ಬಹುಶಃ ಅಷ್ಟೇ ಮಾಡುತ್ತಿದ್ದೆವು. ಕೈಗೆ ಒಂದಿಷ್ಟು ಕಾಸು ಕೊಟ್ಟು, ಪಾಪ, ಎಷ್ಟು ಚೆನ್ನಾಗಿ ಹಾಡುತ್ತವೆ ಎಂದು ದಾರಿಯುದ್ದಕ್ಕೂ ಹೇಳಿಕೊಳ್ಳುತ್ತಿದ್ದೆವು. ಸ್ವಾಮಿಗಳು ಮಕ್ಕಳನ್ನು ಕರೆದುಕೊಂಡು ಹೋದರು. ಊಟ, ವಸತಿಯ ಜೊತೆಗೆ ಪದ್ಧತಿಯಂತೆ ಸಂಗೀತ ಪಾಠ ಆಗಬೇಕೆಂದು ಏರ್ಪಾಡು ಮಾಡಿದರು. ಹಿರಿಯವನು ಬಹುಕಾಲ ಬಾಳಲಿಲ್ಲ. ಕಿರಿಯವನು ಕರ್ನಾಟಕ ಸಂಗೀತವನ್ನೂ, ನೀಲಕಂಠಬುವಾ ಅವರಲ್ಲಿ ಹಿಂದೂಸ್ತಾನಿಯನ್ನೂ ಕಲಿತು, ಎರಡರಲ್ಲಿಯೂ ಪಾರಂಗತನಾಗಿ ಪಂಚಾಕ್ಷರಿ ಗವಾಯಿ ಎನಿಸಿಕೊಂಡ. ಸ್ವಾಮಿಗಳು ಕಛೇರಿ ಮಾಡಿದವರಲ್ಲ. ಅವರು ನೂಲಿನ ಎಳೆಯನ್ನು ಸರಿಸಿ ಬಿಟ್ಟರು.

ಅಲ್ಲಿಗೆ ಮುಗಿದಿದ್ದರೆ ಒಬ್ಬ ದೊಡ್ಡ ಗಾಯಕನ ಕಥೆಯಾಗುತ್ತಿತ್ತು. ಪಂಚಾಕ್ಷರಿ ಗವಾಯಿಗಳು ತಮಗೆ ಸಂದದ್ದನ್ನು ತಾವೇ ಇಟ್ಟುಕೊಳ್ಳಲಿಲ್ಲ. ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳನ್ನು ಕೂಡಿಸಿಕೊಂಡರು. ಪಾಠಶಾಲೆಗೆ ಕಟ್ಟಡವಿರಲಿಲ್ಲ. ಊರಿಂದೂರಿಗೆ ಬಂಡಿಗಳು ಹೋಗುತ್ತಿದ್ದವು. ಬಂಡಿ ನಿಂತಲ್ಲಿ ಪಾಠ, ಭಕ್ತರು ಕಾಳುಕಡಿ ನೀಡಿದಲ್ಲಿ ಊಟ. ಒಂದು ಕ್ಷಣ ಆ ಬಂಡಿಯ ಪಕ್ಕದಲ್ಲಿ ನಡೆಯೋಣ. ಒಳಗೆ ತಂಬೂರಿ, ತಬಲಾ, ಹಾಸಿಗೆಯ ಸುರುಳಿಗಳು, ಅಡುಗೆಯ ಪಾತ್ರೆಗಳು. ಕಣ್ಣು ಕಾಣದ ಮಕ್ಕಳು ಒಬ್ಬರನ್ನೊಬ್ಬರು ಹಿಡಿದು ಕುಳಿತಿದ್ದಾರೆ. ಗಾಲಿಯ ಸದ್ದಿನ ನಡುವೆ ಯಾವುದೋ ಮಗು ಸರಳೆ ಹೇಳುತ್ತಿದೆ, ಎಲ್ಲೋ ನಿಷಾದ ತಪ್ಪುತ್ತಿದೆ, ಗುರುಗಳು ತಿದ್ದುತ್ತಿದ್ದಾರೆ. ಕಲಿಸುವುದೆಂದರೆ ತಪ್ಪು ಸ್ವರವನ್ನು ದಿನವಿಡೀ ಕೇಳುವುದು. ಸರಿಯಾದ ಸ್ವರ ತನ್ನ ಕೊರಳಲ್ಲಿಯೇ ಇರುವವನಿಗೆ ಅದಕ್ಕಿಂತ ಕಠಿಣವಾದ ತಪಸ್ಸು ಇರಲಾರದು.

1942ರಲ್ಲಿ ಗದಗಿನ ದಾನಿಗಳೊಬ್ಬರು ನೆಲೆ ಒದಗಿಸಿದರು. ವೀರೇಶ್ವರ ಪುಣ್ಯಾಶ್ರಮ ಅಲ್ಲಿ ನಿಂತಿತು. ಎರಡೇ ವರ್ಷಕ್ಕೆ, 1944ರಲ್ಲಿ, ಗುರುಗಳು ತೀರಿಕೊಂಡರು. ಆಶ್ರಮ ಶಿಷ್ಯ ಪುಟ್ಟರಾಜರ ಹೆಗಲಿಗೆ ಬಂತು. 1914ರಲ್ಲಿ ಹುಟ್ಟಿ, ಎಳವೆಯಲ್ಲೇ ಕಣ್ಣು ಕಳೆದುಕೊಂಡ ಪುಟ್ಟರಾಜ ಗವಾಯಿಗಳು 2010ರ ಸೆಪ್ಟೆಂಬರ್ 17ರವರೆಗೆ, ಅಂದರೆ 66 ವರ್ಷ, ಆ ಭಾರ ಹೊತ್ತರು. ಹತ್ತಾರು ವಾದ್ಯ ನುಡಿಸಬಲ್ಲವರು, ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಗ್ರಂಥ ಬರೆದವರು. ಮಕ್ಕಳ ಅನ್ನಕ್ಕಾಗಿ ನಾಟಕ ಕಂಪನಿಯನ್ನೂ ನಡೆಸಿದರು. ಬಸವರಾಜ ರಾಜಗುರು ಹಿರಿಯ ಗುರುಗಳ ಶಿಷ್ಯ, ವೆಂಕಟೇಶಕುಮಾರ್ ಕಿರಿಯ ಗುರುಗಳ ಶಿಷ್ಯ. ನಾವು ಟಿಕೆಟ್ಟು ಕೊಂಡು, ಮುಂದಿನ ಸಾಲಿನಲ್ಲಿ ಕುಳಿತು ಕೇಳುವ ಎಷ್ಟೋ ಕೊರಳುಗಳ ಹಿಂದೆ ಆ ಬಂಡಿಯ ಗಾಲಿ ಉರುಳಿದೆ. ಪುಣ್ಯಾಶ್ರಮದಲ್ಲಿ ಕಲಿತು ಹಳ್ಳಿಯ ಶಾಲೆಗೆ ಸಂಗೀತದ ಮೇಷ್ಟ್ರಾಗಿ ಹೋದವರು, ಜಾತ್ರೆಯ ಪುರಾಣಕ್ಕೆ ತಬಲಾ ನುಡಿಸಿ ಮನೆ ನಡೆಸಿದವರು ಇನ್ನೆಷ್ಟೋ. ಅವರ ಹೆಸರು ಯಾವ ಫಲಕದಲ್ಲಿಯೂ ಇಲ್ಲ. ಅವರಿಲ್ಲದಿದ್ದರೆ ಉತ್ತರ ಕರ್ನಾಟಕದ ಹಳ್ಳಿಹಳ್ಳಿಗೆ ಹಾರ್ಮೋನಿಯಂ ಪೆಟ್ಟಿಗೆ ಹೋಗುತ್ತಿರಲಿಲ್ಲ.

ಗಂಗೂಬಾಯಿಯವರ ಕಡೆಗೆ ಬಂದರೆ ಕಥೆ ಇನ್ನೂ ಸೂಕ್ಷ್ಮವಾಗುತ್ತದೆ. ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರಂಥವರು ಧಾರವಾಡಕ್ಕೆ ಬಂದಾಗ ಈ ತಾಯಿಯ ಹಾಡು ಕೇಳುತ್ತಿದ್ದರೆಂದು ಮಗಳು ನೆನೆದಿದ್ದಾರೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿಯವರ ಎದುರು, ಸ್ವಾಗತ ಗೀತೆ ಹಾಡಿದ ಬಾಲೆಯರಲ್ಲಿ ಗಂಗೂಬಾಯಿಯೂ ಇದ್ದರು. ಮಗಳ ಒಲವು ಹಿಂದೂಸ್ತಾನಿಯ ಕಡೆಗೆ. 1928ರಲ್ಲಿ ಆಕೆಯ ಪಾಠಕ್ಕಾಗಿ ಸಂಸಾರ ಧಾರವಾಡ ಬಿಟ್ಟು ಹುಬ್ಬಳ್ಳಿಗೆ ಬಂತು. ಆಗ ತಾಯಿ ಒಂದು ನಿರ್ಧಾರ ಮಾಡಿದರು. ತಮ್ಮ ಹಾಡಿನ ನೆರಳು ಮಗಳ ಹಾಡಿನ ಮೇಲೆ ಬೀಳಬಾರದೆಂದು ಅವರು ತಮ್ಮ ಹಾಡನ್ನೇ ನಿಲ್ಲಿಸಿದರು.

ಇದರ ಅರ್ಥ ಒಮ್ಮೆಗೆ ಗ್ರಹಿಕೆಗೆ ಬರುವುದಿಲ್ಲ. ಎರಡೂ ಪದ್ಧತಿಗಳಿಗೆ ಸ್ವರ ಏಳೇ. ಆದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ನಡಿಗೆ ಬೇರೆ. ಕರ್ನಾಟಕ ಸಂಗೀತದಲ್ಲಿ ಗಮಕದ ತೂಗಾಟ, ಹಿಂದೂಸ್ತಾನಿಯಲ್ಲಿ ಮೀಂಡದ ಜಾರು. ಎಳೆಯ ಕಿವಿ ಎರಡನ್ನೂ ಹೀರಿಕೊಂಡರೆ ಕೊರಳು ಯಾವ ದಾರಿ ಹಿಡಿಯಬೇಕೆಂದು ತಡವರಿಸುತ್ತದೆ. ಹಾಡುವವಳಾದ್ದರಿಂದಲೇ ಆ ತಾಯಿಗೆ ಇದು ಗೊತ್ತಿತ್ತು. ಬೇರೆಯವರ ಮನೆಯಲ್ಲಿ ಹಾಡದಿರುವುದು ಸುಲಭ. ತನ್ನ ಮನೆಯಲ್ಲಿ ಹಾಡದಿರುವುದು ಹೇಗೆ? ಬಾವಿಯ ಕಟ್ಟೆಯಲ್ಲಿ, ಒಲೆಯ ಮುಂದೆ, ದೇವರ ದೀಪ ಹಚ್ಚುವಾಗ ತಾನಾಗಿ ಬಾಯಿಗೆ ಬರುವ ಕೀರ್ತನೆಯನ್ನು ಬಂದಲ್ಲಿಯೇ ತಡೆಯಬೇಕು. ಅಭ್ಯಾಸ ಮಾಡಿ ಕೊರಳನ್ನು ಸಾಧಿಸಿದವರು ಬಹಳ ಜನ. ಸಾಧಿಸಿದ ಕೊರಳನ್ನು ಅಭ್ಯಾಸ ಮಾಡಿ ಸುಮ್ಮನಿರಿಸಿದವರು ಎಷ್ಟು ಜನ ಇದ್ದಾರು?

ಮಗಳು ಆ ಮೌನಕ್ಕೆ ಕುಂದು ತರಲಿಲ್ಲ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತರು. ಗುರುಗಳು ಒಂದೇ ಪಲುಕನ್ನು ಮತ್ತೆ ಮತ್ತೆ ಹಾಡಿಸುತ್ತಿದ್ದರು. ಪಾಠ ಮುಗಿಯುವ ವೇಳೆಗೆ ಕತ್ತಲಾದರೆ, ಅಲ್ಲಿಯೇ ಶಿಷ್ಯನಾಗಿದ್ದ ಭೀಮಸೇನ ಎಂಬ ತರುಣ ನಿಲ್ದಾಣದವರೆಗೆ ಜೊತೆಗೆ ಬಂದು ರೈಲು ಹತ್ತಿಸುತ್ತಿದ್ದ. ಮುಂದೆ ಭಾರತರತ್ನವಾದ ಕೊರಳು ಅಂದು ಗುರುಭಗಿನಿಗೆ ದಾರಿಯ ಜೊತೆಯಾಗಿತ್ತು. ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಗಂಗೂಬಾಯಿಯವರ ದನಿ ಗಂಡುದನಿಯಂತೆ ಗಡುಸಾಯಿತು. ಇನ್ನೊಬ್ಬರಾಗಿದ್ದರೆ ಹಾಡು ಮುಗಿಯಿತೆಂದು ಕುಳಿತುಬಿಡುತ್ತಿದ್ದರೇನೋ. ಅವರು ಆ ಗಡುಸನ್ನೇ ಗಾಂಭೀರ್ಯವಾಗಿಸಿಕೊಂಡರು.

ಇಲ್ಲಿ ಒಂದು ಎಚ್ಚರ ಅಗತ್ಯ. ಹಿಂದೆ ಕುಳಿತವರನ್ನು ಕೊಂಡಾಡುವ ಭರದಲ್ಲಿ ಹಿಂದೆ ಕೂರಿಸಲ್ಪಟ್ಟವರನ್ನು ಮರೆಯುವುದು ನಮಗೆಲ್ಲ ಸುಲಭ. ಆ ಕಾಲದಲ್ಲಿ ಹಾಡುವ ಹೆಣ್ಣುಮಗಳನ್ನು ಹಾಡಿಗೆ ಕರೆದ ಮನೆಯವರು ಊಟದ ಪಂಕ್ತಿಗೆ ಕರೆಯಲು ಹಿಂಜರಿಯುತ್ತಿದ್ದರು. ಸ್ವರ ಬೇಕು, ಸ್ವರ ಹೊತ್ತ ಮನುಷ್ಯಳು ಬೇಡ. ಅದು ತ್ಯಾಗವಲ್ಲ, ಸಮಾಜ ಎಳೆದ ಗೆರೆ. ಅಂಬಾಬಾಯಿ ತಾವಾಗಿ ಮೌನ ಆರಿಸಿಕೊಂಡರು, ಅದಕ್ಕೇ ಅದು ದೊಡ್ಡದು. ಆರಿಸಿಕೊಳ್ಳುವ ಅವಕಾಶವೇ ಇಲ್ಲದೆ ಸುಮ್ಮನಾದ ಕೊರಳುಗಳ ಲೆಕ್ಕ ನಮ್ಮಲ್ಲಿಲ್ಲ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ‘ಎಂಥ ತ್ಯಾಗ’ ಎಂದು ಕೈಮುಗಿದುಬಿಟ್ಟರೆ ನಮ್ಮ ಮನಸ್ಸಿಗೆ ನೆಮ್ಮದಿ ಸಿಗುತ್ತದೆ, ಅವರಿಗೆ ನ್ಯಾಯ ಸಿಗುವುದಿಲ್ಲ.

ಇದೇ ಜಿಲ್ಲೆಯಲ್ಲಿ ಇನ್ನೊಂದು ಬಗೆಯ ಹಿಂದಿನ ಸಾಲಿದೆ. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದ ಶರೀಫರು 1819ರಿಂದ 1889ರವರೆಗೆ ಬಾಳಿದರು. ಕಳಸದ ಗೋವಿಂದಭಟ್ಟರು ಅಗ್ರಹಾರದ ಮುನಿಸನ್ನು ಕಟ್ಟಿಕೊಂಡು ಈ ಮುಸಲ್ಮಾನ ತರುಣನನ್ನು ಶಿಷ್ಯನೆಂದು ಒಪ್ಪಿಕೊಂಡರು. ಶರೀಫರು ಹಾಡಿದರು, ಪುಸ್ತಕ ಮಾಡಲಿಲ್ಲ. ಅವರು ಹೋದ ಮೇಲೆ ಆ ತತ್ವಪದಗಳು ಎಲ್ಲಿದ್ದವು? ಹೊಲದಿಂದ ಬಂದು, ಕೈಕಾಲು ತೊಳೆದು, ಗುಡಿಯ ಕಟ್ಟೆಯ ಮೇಲೆ ದಮ್ಮಡಿ ಹಿಡಿದು ಕುಳಿತ ಭಜನಾ ಮೇಳಗಳ ಬಾಯಲ್ಲಿ. ಅವರಲ್ಲಿ ಅಕ್ಷರ ಬಾರದವರೂ ಇದ್ದರು. ಒಬ್ಬರು ಮರೆತ ನುಡಿಯನ್ನು ಇನ್ನೊಬ್ಬರು ಎತ್ತಿಕೊಡುತ್ತಿದ್ದರು. ತಲೆಮಾರುಗಳ ಬಳಿಕ ಸಂಗ್ರಾಹಕರು ಬಂದು ಬರೆದುಕೊಂಡರು. ಆಮೇಲೆ ಸಿ. ಅಶ್ವತ್ಥ್ ಅವರ ದನಿಯಲ್ಲಿ ಆ ಪದಗಳು ನಗರದ ಮನೆಮನೆಗೆ ಬಂದವು. ನಮಗೆ ಶರೀಫರು ಗೊತ್ತು, ಅಶ್ವತ್ಥ್ ಗೊತ್ತು. ನಡುವಿನ ಅಷ್ಟು ದೀರ್ಘಕಾಲ ಕಟ್ಟೆಯ ಮೇಲೆ ಕುಳಿತವರು ಯಾರು?

ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಕಥೆಯೂ ಬಹುಮಟ್ಟಿಗೆ ಇದೇ. ಬಾಡದಲ್ಲಿ ಹುಟ್ಟಿದ ಕನಕದಾಸರು ತಮ್ಮ ಕೀರ್ತನೆಗಳನ್ನು ಕಾಗಿನೆಲೆಯ ಆದಿಕೇಶವನ ಅಂಕಿತದಲ್ಲಿ ಹಾಡಿದರು. ಪ್ರತಿ ಹಾಡಿನ ಕೊನೆಯಲ್ಲಿ ತಮ್ಮ ಹೆಸರಿನ ಬದಲು ಊರಿನ ಹೆಸರನ್ನು, ದೇವರ ಹೆಸರನ್ನು ಇಟ್ಟರು. ದಾಸರ ಪರಂಪರೆಯ ರೂಢಿ ಅದು ನಿಜ. ರೂಢಿಯೇ ಆದರೂ ಅದನ್ನು ಕಟ್ಟಿದವರಿಗೆ ಮನುಷ್ಯನ ಸ್ವಭಾವ ಚೆನ್ನಾಗಿ ಗೊತ್ತಿತ್ತು. ಹಾಡು ಚೆನ್ನಾಗಿ ಬಂದ ಗಳಿಗೆಯಲ್ಲಿಯೇ ‘ನಾನು’ ಎದ್ದು ನಿಲ್ಲುತ್ತದೆ. ಅದು ನಿಲ್ಲುವ ಜಾಗದಲ್ಲಿ ಅವರು ದೇವರನ್ನು ಕೂರಿಸಿಬಿಟ್ಟರು.

ನಮ್ಮ ಪಾಡು ಬೇರೆ. ಗುಡಿಗೆ ಒಂದು ಫ್ಯಾನು ಕೊಟ್ಟರೆ ಅದರ ಮೂರು ರೆಕ್ಕೆಗಳ ಮೇಲೂ ನಮ್ಮ ಹೆಸರು ತಿರುಗಬೇಕು. ಲಗ್ನಪತ್ರಿಕೆಯ ಸುಖಾಗಮನ ಬಯಸುವವರ ಪಟ್ಟಿಯಲ್ಲಿ ನಮ್ಮ ಹೆಸರು ಎರಡನೆಯ ಸಾಲಿಗೆ ಇಳಿದರೆ ಊಟ ರುಚಿಸುವುದಿಲ್ಲ. ಗುಂಪಿನ ಫೋಟೋ ಕೈಗೆ ಬಂದರೆ ಮೊದಲು ಹುಡುಕುವುದು ನಮ್ಮನ್ನೇ. ಇದರಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲ. ಇದ್ದೇವೆ ಎಂದು ಯಾರಾದರೂ ಗುರುತಿಸಲಿ ಎಂಬುದು ಜೀವದ ಸಹಜ ಹಸಿವು. ಹಸುಳೆ ಅಳುವುದೂ ಅದಕ್ಕೇ. ಆದರೆ ಹಸಿವು ತೀರುವುದಿಲ್ಲ ಎಂಬುದನ್ನೂ ನಾವು ಕಂಡಿದ್ದೇವೆ. ಒಂದು ಸನ್ಮಾನದ ಶಾಲು ಮಡಿಚಿಡುವ ಮೊದಲೇ ಮನಸ್ಸು ಇನ್ನೊಂದರ ಕಡೆಗೆ ನೋಡುತ್ತದೆ.

ಹಿಂದೆ ಕುಳಿತವರಿಗೆ ಈ ಹಸಿವು ಇರಲಿಲ್ಲವೆಂದು ಭಾವಿಸುವುದು ತಪ್ಪು. ಅಂಬಾಬಾಯಿಗೂ ಸಭೆಯ ಮೆಚ್ಚುಗೆ ಬೇಡವಾಗಿರಲಿಕ್ಕಿಲ್ಲ. ಪಂಚಾಕ್ಷರಿ ಗವಾಯಿಗಳಿಗೂ ಬಂಡಿಯ ದಾರಿಯಲ್ಲಿ ಬೇಸರ ಬಂದಿರಬಹುದು. ಅವರೂ ನಮ್ಮಂತೆ ಮನುಷ್ಯರು. ಅವರಿಗೆ ಇನ್ನೊಂದು ಸುಖವೂ ಗೊತ್ತಿತ್ತು, ವ್ಯತ್ಯಾಸ ಇಷ್ಟೇ. ತಾನು ಕೈಹಿಡಿದು ಕಲಿಸಿದ ಸ್ವರ ಇನ್ನೊಬ್ಬರ ಕೊರಳಲ್ಲಿ ಸರಿಯಾಗಿ ನಿಂತಾಗ ಆಗುವ ಸುಖ ಅದು. ಮಗುವಿಗೆ ಸೈಕಲ್ಲು ಕಲಿಸುತ್ತ ಹಿಂದಿನಿಂದ ಕೈಬಿಟ್ಟ ಗಳಿಗೆಯಲ್ಲಿ ನಾವೆಲ್ಲರೂ ಅದನ್ನು ಒಮ್ಮೆಯಾದರೂ ಅನುಭವಿಸಿದ್ದೇವೆ. ಅನುಭವಿಸಿ ಮರೆತಿದ್ದೇವೆ. ಚಪ್ಪಾಳೆಯ ಸುಖ ಜೋರಾಗಿ ಕೇಳುತ್ತದೆ. ಈ ಸುಖಕ್ಕೆ ಸದ್ದಿಲ್ಲ. ಹಾಗಾಗಿ ನೆನಪಿನಲ್ಲಿ ಮೊದಲನೆಯದೇ ಉಳಿಯುತ್ತದೆ.

ಬ್ಯಾಡಗಿಯ ಪೇಟೆಯಲ್ಲಿ ಸುಗ್ಗಿಯ ದಿನಗಳಲ್ಲಿ ಮೆಣಸಿನಕಾಯಿಯ ಕೆಂಪು ರಾಶಿಗಳು ಕಣ್ಣು ತುಂಬುತ್ತವೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಕಾಯಿ ಸುಕ್ಕುಸುಕ್ಕು. ಖಾರ ಕಡಿಮೆ, ಬಣ್ಣ ಗಾಢ. ಸಾರಿಗೆ ಆ ಕೆಂಪು ಕೊಟ್ಟದ್ದು ಅದೇ. ಉಂಡವರು ಹೊಗಳುವುದು ಸಾರನ್ನು. ಕೊಂಡುಕೊಳ್ಳುವಾಗ ಮಾತ್ರ ಬಲ್ಲವರು ‘ಬ್ಯಾಡಗಿಯದೇ ಕೊಡಿ’ ಎಂದು ಹೆಸರು ಹಿಡಿದು ಕೇಳುತ್ತಾರೆ. ಬಲ್ಲವರು ಹಾಗೆ ಕೇಳುವವರೆಗೆ ಯಾವುದೂ ಪೂರ್ತಿ ಮರೆಯಾಗುವುದಿಲ್ಲ. ಮಾಡಬಹುದಾದ ಕೆಲಸವೂ ಬಹುಶಃ ಇದೇ. ಎಲ್ಲರೂ ಹಿಂದೆ ಸರಿಯಬೇಕೆಂದಿಲ್ಲ. ಎಲ್ಲರೂ ಸರಿದರೆ ಹಾಡುವವರಾರು? ಮುಂದೆ ಕುಳಿತವರು ಚೆನ್ನಾಗಿ ಹಾಡಲಿ. ಕೇಳುವ ನಾವು ಹಿಂದಿನವರ ಹೆಸರನ್ನೂ ಒಮ್ಮೆ ಕೇಳೋಣ.

ಹಾಗೆ ಕೇಳಿದಾಗ ಮೊದಲು ಸಿಗುವ ಹೆಸರು ಕೃಷ್ಣಾ ಹಾನಗಲ್. ಅವರು ಗಂಗೂಬಾಯಿಯವರ ಮಗಳು, ಅಂಬಾಬಾಯಿಯವರ ಮೊಮ್ಮಗಳು. ತಾಯಿಯ ಕಛೇರಿಗಳಲ್ಲಿ ದಶಕಗಳ ಕಾಲ ಹಿಂದೆ ಕುಳಿತು ತಂಬೂರಿ ಹಿಡಿದವರು, ದನಿಗೂಡಿಸಿದವರು. ತಾಯಿಯ ಉಸಿರು ಎಲ್ಲಿ ಮುಗಿಯುತ್ತದೆಂದು ಅವರಿಗೆ ತಿಳಿಯುತ್ತಿತ್ತು. ಅಲ್ಲಿಂದ ತಾವು ಎತ್ತಿಕೊಳ್ಳುತ್ತಿದ್ದರು, ತಾಯಿ ಮರಳಿ ಬಂದೊಡನೆ ಬಿಟ್ಟುಕೊಡುತ್ತಿದ್ದರು. ಹಳೆಯ ಧ್ವನಿಮುದ್ರಣಗಳನ್ನು ಗಮನವಿಟ್ಟು ಕೇಳಿದರೆ ಆ ಎರಡನೆಯ ದನಿ ಸ್ಪಷ್ಟವಾಗಿ ಕೇಳುತ್ತದೆ. ಸ್ವತಂತ್ರವಾಗಿ ಹಾಡಬಲ್ಲ ಸಮರ್ಥ ಗಾಯಕಿ ಎಂದು ಬಲ್ಲವರು ಅವರನ್ನು ಮೆಚ್ಚುತ್ತಿದ್ದರು. ಒಂದು ತಲೆಮಾರು ಹಾಡು ನಿಲ್ಲಿಸಿ ಆಸರೆಯಾಯಿತು, ಇನ್ನೊಂದು ತಲೆಮಾರು ಹಾಡುತ್ತಲೇ ಆಸರೆಯಾಯಿತು. ನಡುವೆ ಒಬ್ಬರು ಪದ್ಮವಿಭೂಷಣರಾದರು.

ಕೃಷ್ಣಾ 2004ರಲ್ಲಿ ತೀರಿಕೊಂಡರು. ಗಂಗೂಬಾಯಿ 2006ರಲ್ಲಿ ತಮ್ಮ ಕೊನೆಯ ಕಛೇರಿ ಮಾಡಿದರು. 2009ರ ಜುಲೈ 21ರಂದು, 96ನೆಯ ವಯಸ್ಸಿನಲ್ಲಿ, ಹುಬ್ಬಳ್ಳಿಯಲ್ಲಿ ನಿಧನರಾದರು. ಅಂದು ಅವರ ಕಣ್ಣುಗಳನ್ನು ದಾನ ಮಾಡಲಾಯಿತು.